ನೀರು ಕುಡಿಯಿರಿ ಅಂದರು

ವರಲಕ್ಷ್ಮಿಗೆ ಉರಿಮೂತ್ರ ಮತ್ತೆ ಶುರುವಾದದ್ದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ರಜೆಯ ದಿನ ಬಟ್ಟೆ ಒಗೆಯುತ್ತಿದ್ದವಳು ಸೊಂಟ ಹಿಡಿದುಕೊಂಡು ಒಗೆಯುವ ಕಲ್ಲಿನ ಮೇಲೇ ಕೂತುಬಿಟ್ಟಾಗ ಅತ್ತೆ ಸರಸಮ್ಮನಿಗೆ ಗೊತ್ತಾಯಿತು.

"ಅದೇ ನೋವಾ?"

"ಹೂಂ ಅತ್ತೆ."

"ಬಾಯಲ್ಲಿ ಏನ್ ಕಡುಬಿತ್ತಾ? ಹೇಳಕ್ಕಾಗ್ಲಿಲ್ವಾ?" ಎಂದು ಬೈದು, ಸರಸಮ್ಮ ಮಗನನ್ನು ಕೂಗಿದಳು.

ಕುಮಾರನದು ಒಂದು ಗೂಡ್ಸ್ ಆಟೋ. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಸಾಗಿಸುವ ಬಾಡಿಗೆಯೇ ಅವನಿಗೆ ಹೆಚ್ಚು. ಅವತ್ತು ಬಾಡಿಗೆ ಇರಲಿಲ್ಲ. ಹೆಂಡತಿಯನ್ನೂ ತಾಯಿಯನ್ನೂ ಮುಂದೆ ಕೂರಿಸಿಕೊಂಡು ಉಯ್ಯಂಬಳ್ಳಿ ಕಡೆಯ ತಮ್ಮ ಹಳ್ಳಿಯಿಂದ ಕನಕಪುರಕ್ಕೆ ಹೊರಟ. ಅಲ್ಲಿ ಡಾಕ್ಟರ್ ಅಮೀರ್ ಸಾಹೇಬರ ಕ್ಲಿನಿಕ್ಕು ಇವರ ಮನೆಯವರಿಗೆ ಹಿಂದಿನಿಂದಲೂ ರೂಢಿ. ಈಗ ಸಾಹೇಬರು ಬರುವುದಿಲ್ಲ. ಅವರ ಮಗಳು ಸುಹಾನಾ ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಸರಸಮ್ಮನ ಬಿಪಿ, ಅವಳ ಗಂಡ ಮಂಚಯ್ಯನ ಕೆಮ್ಮು, ಮೊಮ್ಮಗಳು ಮಾನ್ಯಳ ಜ್ವರ ಎಲ್ಲವೂ ಅವರಿಗೆ ಬಾಯಿಪಾಠ.

"ಹಬ್ಬಕ್ಕೆ ಮುಂಚೆ ಬಂದಾಗಲೂ ಇದೇ ತೊಂದ್ರೆ ಅಲ್ವಾ ವರಲಕ್ಷ್ಮಿ?" ಎಂದರು ಡಾಕ್ಟರು. "ನೀರು ಎಷ್ಟು ಕುಡೀತೀರಾ?"

ವರಲಕ್ಷ್ಮಿ ಅತ್ತೆಯ ಮುಖ ನೋಡಿದಳು. "ಕುಡೀತೀನಿ. ಊಟ ಮಾಡ್ವಾಗ."

"ಕೆಲಸಕ್ಕೆ ಹೋದ್ಮೇಲೆ ಒಂದಕ್ಕೆ ಹೋಗೋದು ಯಾವಾಗ?"

"ಮಧ್ಯಾಹ್ನ ಊಟಕ್ಕೆ ಬುಟ್ಟಾಗ. ಕ್ಯೂ ಇಲ್ದಿದ್ರೆ."

"ಇದ್ರೆ?"

"ಸಂಜೆ, ಮನೆಗ್ ಬಂದ್ಮೇಲೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡಿ, ಮಾತ್ರೆ ಕೊಡ್ತೀನಿ, ಈ ಸಲವೂ ವಾಸಿ ಆಗುತ್ತೆ. ಆದ್ರೆ ಮತ್ತೆ ಬರಬಾರದು ಅಂದ್ರೆ ಎರಡೇ ಮಾತು. ನೀರು ಕುಡೀಬೇಕು, ದಿನಕ್ಕೆ ಎರಡೂವರೆ ಲೀಟರ್ ಆದ್ರೂ. ಬಂದಾಗ ತಡೀಬಾರದು, ತಕ್ಷಣ ಎದ್ದು ಹೋಗಬೇಕು." ಇನ್ನೂ ಒಂದೆರಡು ಹೆಂಗಸರ ಮಾತುಗಳನ್ನು ಕುಮಾರನನ್ನು ಹೊರಗೆ ಕಳಿಸಿ ಹೇಳಿದರು.

ಮತ್ತೆ ಒಳಗೆ ಬಂದ ಕುಮಾರ ನಕ್ಕ. "ಅಷ್ಟೇನಾ ಡಾಕ್ಟ್ರೇ? ನಾನೇನೋ ಆಪ್ರೇಸನ್ನೇ ಆಯ್ತದೆ ಅಂದ್ಕಂಡಿದ್ದೆ. ನೀರ್ ಕುಡಿಯೋದೂ ಒಂದು ಔಸ್ದೀನಾ?"

"ಅಷ್ಟೇ ಕುಮಾರ. ಆದ್ರೆ ಅಷ್ಟನ್ನ ಮಾಡ್ಲೇಬೇಕು. ಇಲ್ದಿದ್ರೆ ಅದು ಮೇಲಕ್ಕೆ ಹತ್ತುತ್ತೆ, ಕಿಡ್ನಿಗೆ."

ವಾಪಸು ಬರುವಾಗ ಸರಸಮ್ಮ ಬಾರ್ಲಿ ಕೊಂಡಳು, ಒಂದು ಬೂದುಗುಂಬಳಕಾಯಿ ಕೊಂಡಳು. ಮನಸ್ಸಿಗೆ ಹಗುರವಾಗಿತ್ತು. ಇಷ್ಟು ಸಣ್ಣ ಮಾತನ್ನು ನಡೆಸಿಕೊಡಲಾಗದಷ್ಟು ಗತಿಗೆಟ್ಟ ಮನೆ ತಮ್ಮದಲ್ಲ ಎಂದು ಅವಳಿಗೆ ಧೈರ್ಯವಿತ್ತು.

ರಾತ್ರಿ ಊಟಕ್ಕೆ ಕೂತಾಗ ಮಾವ ಮಂಚಯ್ಯ ಕೇಳಿದ. "ಏನಂದ್ರು ಡಾಕ್ಟ್ರವ್ವ?"

"ನೀರ್ ಕುಡೀಬೇಕಂತೆ," ಎಂದಳು ಸರಸಮ್ಮ, ಮುದ್ದೆ ಇಕ್ಕುತ್ತಾ. "ಹುರುಳಿ ಸಾರು ಇನ್ಮೇಲೆ ಕಮ್ಮಿ ಮಾಡ್ತೀನಿ. ಕಾವು ಅದು."

"ಸಾರ್ ಏನ್ ಮಾಡ್ತು? ನಾವು ಹುಟ್ಟಿದಾಗ್ಲಿಂದ ಉಣ್ತಿಲ್ವಾ?"

"ನಿಮ್ಗೇನು, ಕುರಿ ಹಿಂದೆ ಹೋದ್ರೆ ಎಲ್ಲಿ ಬೇಕಾದ್ರೆ ಅಲ್ಲಿ ನಿಂತ್ಕತೀರಾ."

ಮಾನ್ಯ ಕಿಸಕ್ಕನೆ ನಕ್ಕಳು. ಮಂಚಯ್ಯ ಮೊಮ್ಮಗಳನ್ನು ದುರುಗುಟ್ಟಿ ನೋಡಿ ಮುದ್ದೆ ಮುರಿದ.

ಮಾರನೆಯ ಬೆಳಗಿನಿಂದಲೇ ಸರಸಮ್ಮ ಡಾಕ್ಟರ ಮಾತು ಹಿಡಿದಳು. ವರಲಕ್ಷ್ಮಿ ನಸುಕಿನಲ್ಲೇ ಎದ್ದು ಅಡುಗೆ ಮಾಡಿ, ಡಬ್ಬಿ ಕಟ್ಟಿಕೊಂಡು, ಉಯ್ಯಂಬಳ್ಳಿ ಗೇಟಿನ ಸ್ಟಾಪಿನಲ್ಲಿ ಹಾರೋಹಳ್ಳಿಯ ಗಾರ್ಮೆಂಟ್ಸ್ ಕಂಪನಿಗೆ ಹೋಗುವ ಬಸ್ಸು ಹಿಡಿಯಬೇಕು. ಅವಳು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಸಮ್ಮ ದೊಡ್ಡ ಚೊಂಬಿನ ತುಂಬ ಬಾರ್ಲಿ ನೀರು ತಂದು ಎದುರಿಗೆ ನಿಲ್ಲುತ್ತಿದ್ದಳು.

"ಪೂರ್ತಿ ಕುಡಿ. ಕುಡುದ್ರೇನೆ ಬಾಗ್ಲು ದಾಟೋದು."

ಮೊದಲ ದಿನ ವರಲಕ್ಷ್ಮಿ ಕುಡಿದಳು. ಬಸ್ಸು ಕನಕಪುರ ಮುಟ್ಟುವ ಹೊತ್ತಿಗೆ ಹೊಟ್ಟೆಯ ಕೆಳಗೆ ಬಿಗಿಯಿತು. ಪಕ್ಕದಲ್ಲಿ ಕೂತಿದ್ದ ರಹೀಮಾ, ಅವಳ ಹಿಂದಿನ ಮೆಷಿನ್ನಿನವಳು, "ತಡ್ಕ, ಇನ್ನೇನ್ ಬಂತು," ಎಂದಳು. ಕನಕಪುರ ದಾಟಿ ಸ್ವಲ್ಪ ದೂರಕ್ಕೆ ತಡೆಯಲಾಗಲಿಲ್ಲ. ವರಲಕ್ಷ್ಮಿ ಕಂಬಿ ಹಿಡಿದುಕೊಂಡು ಡ್ರೈವರ್ ಹತ್ತಿರ ಹೋಗಿ, "ಅಣ್ಣ, ಒಸಿ ನಿಲ್ಸಣ್ಣ," ಎಂದಳು. ಅವನು ಒಳ್ಳೆಯವನು, ನಿಲ್ಲಿಸಿದ. ಆದರೆ ರಸ್ತೆಯ ಎರಡೂ ಕಡೆ ಕಾಂಪೌಂಡು, ಗ್ಯಾರೇಜು, ಟೀ ಅಂಗಡಿ. ಅವಳು ಬಹಳ ದೂರ ನಡೆದು ಒಂದು ಮೋರಿಯ ಕೆಳಗಿಳಿದು ಬಂದಳು. ಬಸ್ಸು ಕಂಪನಿ ತಲುಪುವಷ್ಟರಲ್ಲಿ ಗೇಟು ಹಾಕಿತ್ತು. ಬಸ್ಸಿನಲ್ಲಿದ್ದವರಿಗೆಲ್ಲ ಅರ್ಧ ದಿನದ ಹಾಜರಿ ಹೋಯಿತು.

ಯಾರೂ ಅವಳನ್ನು ಎದುರಿಗೆ ಬೈಯಲಿಲ್ಲ. ಮಾರನೆಯ ದಿನ ಅವಳು ಬಸ್ಸು ಹತ್ತುವಾಗ ಹಿಂದಿನ ಸೀಟಿನಿಂದ ಯಾರೋ, "ಅಕ್ಕ, ಇವತ್ತು ನೀರ್ ಕುಡ್ಕೊಂಡ್ ಬಂದಿಲ್ವಲ್ಲ?" ಎಂದರು. ನಾಲ್ಕಾರು ಜನ ನಕ್ಕರು. ಅವಳೂ ನಕ್ಕಳು.

ಅಲ್ಲಿಂದ ಮುಂದೆ ಅವಳು ಚೊಂಬು ತೆಗೆದುಕೊಂಡು, "ಮೋಟ್ರು ಆಫ್ ಮಾಡ್ಬುಟ್ ಬತ್ತೀನಿ ಅತ್ತೆ," ಎಂದು ಹಿತ್ತಿಲಿಗೆ ಹೋಗುತ್ತಿದ್ದಳು. ಖಾಲಿ ಚೊಂಬು ತಂದಿಡುತ್ತಿದ್ದಳು. ಒಂದು ದಿನ ಸರಸಮ್ಮ ಕಸ ಗುಡಿಸುವಾಗ ನುಗ್ಗೆ ಗಿಡದ ಬುಡದಲ್ಲಿ ಬೆಂದ ಬಾರ್ಲಿ ಕಾಳು ಮುತ್ತಿದ್ದ ಇರುವೆಗಳನ್ನು ಕಂಡಳು. ಸಂಜೆ ಸೊಸೆ ಬ್ಯಾಗು ಇಳಿಸುವುದನ್ನೇ ಕಾದಿದ್ದಳು.

"ನುಗ್ಗೆ ಗಿಡಕ್ಕೆ ಉರಿಮೂತ್ರ ಬಂದಿತ್ತಾ ವರಾ?"

ವರಲಕ್ಷ್ಮಿ ಊಟದ ಡಬ್ಬಿ ತೆಗೆದು ತೊಳೆಯಲು ಹೊರಟಳು.

"ಕೋಳಿ ಕೂಗಕ್ ಮುಂಚೆ ಎದ್ದು ಕಾಯ್ಸಿ, ಆರ್ಸಿ ಕೊಟ್ರೆ ಗಿಡಕ್ಕೆ ಹುಯ್ತೀಯಾ? ನಾಳೆ ನಿಂಗೇನಾರ ಆದ್ರೆ ಊರೋರು ಯಾರ್ನ ಅಂತಾರೆ? ಅತ್ತೆ ನೋಡ್ಕಳ್ಳಿಲ್ಲ ಅಂತಾರೆ."

"ಕುಡುದ್ರೆ ಹೋಗ್ಬೇಕಲ್ಲ ಅತ್ತೆ!" ವರಲಕ್ಷ್ಮಿಯ ಗಂಟಲು ಏರಿತು. "ಎಲ್ಲಿಗ್ ಹೋಗ್ಲಿ? ಬಸ್ಸಿನ್ ಸೀಟ್ ಮೇಲೆ ಹುಯ್ಕಳ್ಳಾ? ಎಲ್ರ ಹಾಜ್ರಿ ದಿನಾ ನಾನ್ ತಿನ್ಲಾ?"

ಜಗಲಿಯ ಮೇಲಿದ್ದ ಕುಮಾರ ಒಳಗೆ ಬಂದ. "ಕಂಪ್ನೀಲಿ ಕಕ್ಕಸ್ ಇಲ್ವಾ?"

"ಐತೆ. ನಮ್ ಅಡ್ಗೆಮನೆಗಿಂತ ಚೆನ್ನಾಗೈತೆ. ಎದ್ದು ಹೋಗಕ್ಕೆ ಟೈಮಿಲ್ಲ."

"ಎರಡು ನಿಮಿಷದ ಕೆಲ್ಸಕ್ಕೆ ಟೈಮಿಲ್ವಾ?"

ವರಲಕ್ಷ್ಮಿ ಊಟದ ತಟ್ಟೆಗಳನ್ನು ಎಳೆದು ನೆಲದ ಮೇಲೆ ಸಾಲಾಗಿಟ್ಟಳು. "ಇಲ್ನೋಡಿ. ಇದು ಮುಂದಿನೋಳು, ತೋಳು ಕೂರ್ಸ್ತಾಳೆ. ಇದು ನಾನು, ಕಾಲರ್ ಹಾಕ್ತೀನಿ. ಇದು ರಹೀಮಾ, ಗುಂಡಿ ಪಟ್ಟಿ ಹೊಲೀತಾಳೆ. ನಾನ್ ಎದ್ರೆ ಇವ್ಳ ಪೀಸು ನನ್ ಮೇಜಿನ್ ಮೇಲೆ ಗುಡ್ಡೆ ಬೀಳ್ತದೆ, ರಹೀಮಾ ಸುಮ್ನೆ ಕೂರ್ಬೇಕು. ಬ್ಯಾಚ್ ಪೂರಾ ನಿಲ್ತದೆ. ಟಾರ್ಗೆಟ್ ಮುಗೀದಿದ್ರೆ ಮೈಕಲ್ಲಿ ಬ್ಯಾಚ್ ಹೆಸ್ರು ಕೂಗಿ ಬೈತಾರೆ."

ಕುಮಾರ ತಟ್ಟೆಗಳನ್ನು ನೋಡುತ್ತಾ ನಿಂತ. "ಆ ಸೂಪರ್‌ವೈಸರ್ ಹತ್ರ ಮಾತಾಡದಲ್ವಾ?"

"ನಾನ್ ಆಡ್ತೀನಿ," ಎಂದಳು ಸರಸಮ್ಮ.

ಸೂಪರ್‌ವೈಸರ್ ಭಾನುಪ್ರಿಯ ಉಯ್ಯಂಬಳ್ಳಿಯ ಹುಡುಗಿ. ಅದೇ ಬಸ್ಸಿಗೆ ಬರುವವಳು. ಮರುದಿನ ನಸುಕಿನಲ್ಲಿ ಸರಸಮ್ಮ ಸೊಸೆಯ ಜೊತೆ ಉಯ್ಯಂಬಳ್ಳಿ ಗೇಟಿನ ತನಕ ನಡೆದಳು. ವರಲಕ್ಷ್ಮಿ ಬೇಡವೆಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದಳು. ಆದರೆ ಬಸ್ ಸ್ಟಾಪಿನಲ್ಲಿ ಇದ್ದದ್ದು ಸಣಕಲು ಹುಡುಗಿ, ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡು ನಿಂತಲ್ಲೇ ತೂಕಡಿಸುತ್ತಿತ್ತು.

"ಏನವ್ವ, ನನ್ ಸೊಸೆನ ಒಂದಕ್ಕೂ ಬುಡದಿಲ್ವಂತೆ ನೀನು?"

ಭಾನುಪ್ರಿಯಳಿಗೆ ಅವಮಾನವಾಯಿತು. ಸುತ್ತ ನೋಡಿ ಸರಸಮ್ಮನನ್ನು ಪಕ್ಕಕ್ಕೆ ಕರೆದಳು. "ಅಜ್ಜಿ, ನಾನ್ ಯಾರನ್ನೂ ಹಿಡ್ಕಂಡಿಲ್ಲ. ಹೋಗ್ಬೇಡಿ ಅಂತ ಯಾವತ್ತೂ ಅಂದಿಲ್ಲ. ಬೇಗ ಬನ್ನಿ ಅಂತೀನಿ. ಪೀಸ್ ಕಮ್ಮಿ ಆದ್ರೆ ನನ್ನ ಆಫೀಸಿಗೆ ಕರ್ದು ನಿಲ್ಲುಸ್ತಾರೆ."

"ಡಾಕ್ಟ್ರು ಹೇಳವ್ರೆ ಕಣವ್ವ. ಕಿಡ್ನಿಗ್ ಹತ್ತುತ್ತಂತೆ."

"ನಂಗೂ ಅದೇ ಡಾಕ್ಟ್ರು ಅದ್ನೇ ಹೇಳವ್ರೆ," ಎಂದಳು ಭಾನುಪ್ರಿಯ. "ಎದ್ದಾಗ್ಲಿಂದ ನಾನೂ ಹನಿ ನೀರು ಬಾಯಿಗ್ ಹಾಕಿಲ್ಲ ಅಜ್ಜಿ."

ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಸರಸಮ್ಮ ಅಷ್ಟು ದೂರವೂ ಒಬ್ಬಳೇ ನಡೆದು ವಾಪಸು ಬಂದಳು. ಬೈಯಲು ಯಾರೂ ಸಿಗದೆ ಬಂದಿದ್ದಳು. ಮನೆಗೆ ಬಂದವಳಿಗೆ ಹಿತ್ತಿಲಲ್ಲಿ ಮನೆಯ ಗೋಡೆಗೆ ಅಂಟಿಕೊಂಡಿದ್ದ ಕಕ್ಕಸು ಮನೆ ಕಣ್ಣಿಗೆ ಬಿತ್ತು.

ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಕಕ್ಕಸು ಅದು. ಕಟ್ಟಿ ಮುಗಿದ ದಿನ ಮಂಚಯ್ಯ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದ. ಆಮೇಲೆ ಅದರೊಳಗೆ ಕುರಿಗಳ ಹಿಂಡಿ, ಬೂಸಾ ಮೂಟೆ ಸೇರಿದವು. ಮನೆಯ ಹೆಂಗಸರು ಹಿಂದಿನಿಂದ ಹೋಗುತ್ತಿದ್ದಂತೆ ಬೆಳಕು ಹರಿಯುವ ಮುಂಚೆ, ಮತ್ತೆ ಕತ್ತಲಾದ ಮೇಲೆ, ಹೊಂಗೆ ಮರದ ಸಾಲಿನ ಆಚೆಗೆ ಹೋಗಿಬರುತ್ತಿದ್ದರು.

ಮಂಚಯ್ಯ ಕುರಿ ಬಿಡಲು ಹೊರಟಿದ್ದ.

"ಆ ಮೂಟೆ ಎಲ್ಲಾ ಈಚೆಗ್ ಹಾಕಿ," ಎಂದಳು ಸರಸಮ್ಮ. "ಇವತ್ತಿಂದ ಅದು ಕಕ್ಕಸು."

"ಮೂಟೆ ಎಲ್ ಇಡ್ಲಿ? ನಿನ್ ತಲೆ ಮೇಲಾ? ಮಳೆ ಬಂದ್ರೆ ಬೂಸಾ ನೆಂದೋಯ್ತದೆ."

"ನೆನೀಲಿ."

"ಅಮ್ಮಿ, ಆ ಗ್ವಾಡೆ ಈಚೆಗೇ ದೇವ್ರ ಗೂಡೈತೆ. ಅತ್ಲಾಗೆ ಕಕ್ಕಸು, ಇತ್ಲಾಗೆ ದೀಪ ಹಚ್ತೀಯಾ? ನಿನ್ ಅತ್ತೆ, ಅವ್ಳ ಅತ್ತೆ ಎಲ್ಲಾ ಬೈಲಿಗೇ ಹೋದೋರು. ಯಾರ್ಗ್ ಏನಾಗಿತ್ತು?"

"ಏನಾಗಿತ್ತು ಅಂತ ಯಾರ್ಗ್ ಹೇಳ್ತಿದ್ರು? ನಿಮ್ಗಾ? ನಂಗೆ ಕುಮಾರ ಹೊಟ್ಟೇಲಿದ್ದಾಗ ಉರೀತಿತ್ತು. ಕಚ್ಕಂಡ್ ಕೂತಿದ್ದೆ. ಕೇಳುದ್ರಾ ಯಾವತ್ತಾರಾ?"

ಸ್ಕೂಲಿಗೆ ಹೊರಡುತ್ತಿದ್ದ ಮಾನ್ಯ ಜಡೆಗೆ ರಿಬ್ಬನ್ ಸುತ್ತಿಕೊಳ್ಳುತ್ತಾ, "ತಾತ, ನಮ್ ಸ್ಕೂಲಲ್ಲಿ ಯಾರ್ ಮನೇಲಿ ಕಕ್ಕಸ್ ಐತೆ ಕೈ ಎತ್ತಿ ಅಂದ್ರು. ನಾನ್ ಎತ್ತುದ್ನೋ ಬೇಡ್ವೋ ಗೊತ್ತಾಗ್ದೆ ಅರ್ಧ ಎತ್ತಿದ್ದೆ," ಎಂದಳು.

"ನೀನ್ ಸುಮ್ಕಿರು. ದೊಡ್ಡೋರ್ ಮಾತಾಡ್ವಾಗ ಬಾಯ್ ಹಾಕ್ಬ್ಯಾಡ," ಎಂದು ಗದರಿಸಿ ಮಂಚಯ್ಯ ಕುರಿ ಹೊಡೆದುಕೊಂಡು ಹೋದ.

ಜಗಳ ಅಲ್ಲಿಗೆ ನಿಲ್ಲಲಿಲ್ಲ. ಸರಸಮ್ಮ ಗಂಡನಿಗೆ ತಟ್ಟೆ ಇಟ್ಟರೆ ಮಾತಿಲ್ಲ, ನೀರು ಕೊಟ್ಟರೆ ಮಾತಿಲ್ಲ. ಕೊನೆಗೆ ಕುಮಾರನೇ ಒಂದು ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ಮೂಟೆಗಳನ್ನು ಹೊರಗೆ ತಂದು ಜಗಲಿಯ ಮೇಲೆ ಪೇರಿಸಿದ. ಮಂಚಯ್ಯ ಬೀಡಿ ಹಚ್ಚಿಕೊಂಡು ನೋಡುತ್ತಿದ್ದ. ತಡೆಯಲಿಲ್ಲ. ಮಾನ್ಯ ನೆಲ ತಿಕ್ಕಿದಳು. ಸರಸಮ್ಮ ಬಕೆಟ್ಟಿನಲ್ಲಿ ನೀರು ತಂದು ಸುರಿದಳು. ನೀರು ಒಳಗೆ ಹೋದ ಹಾಗೆ ಮಾಡಿ ಹಾಗೇ ಮೇಲಕ್ಕೆ ಬಂತು.

"ಕಟ್ಕಂಡದೆ," ಎಂದ ಕುಮಾರ. ಬಿದಿರು ಕಡ್ಡಿ ಹಾಕಿ ತಿವಿದ. ಹಿಂದೆ ಹೋಗಿ ಗುದ್ದಲಿಯಿಂದ ಮಣ್ಣು ಕೆದಕಿದ. ಪೈಪು ಸಿಕ್ಕಿತು. ಅದರ ತುದಿ ಗಟ್ಟಿ ಮಣ್ಣಿಗೆ ಚುಚ್ಚಿಕೊಂಡು ನಿಂತಿತ್ತು. ಅಲ್ಲಿ ಗುಂಡಿಯೇ ಇರಲಿಲ್ಲ.

"ಅಪ್ಪಯ್ಯ, ಪಿಟ್ ಎಲ್ಲಿ? ರಿಂಗ್ ತಂದ್ ಹಾಕಿದ್ರಲ್ಲ ಅವತ್ತು?"

ಮಂಚಯ್ಯ ಬೀಡಿ ಆರಿಸಿದ. ಕುರಿ ಕೊಟ್ಟಿಗೆಯ ಕಡೆ ಕೈ ತೋರಿಸಿದ. ಅಲ್ಲಿ ಸಿಮೆಂಟಿನ ರಿಂಗುಗಳನ್ನು ನೆಲಕ್ಕೆ ಕೂರಿಸಿ, ಅಡಿಗೆ ಗಾರೆ ಮೆತ್ತಿ, ನೀರಿನ ತೊಟ್ಟಿ ಮಾಡಿತ್ತು. ಕುರಿಗಳು ಸುತ್ತ ಮುತ್ತಿಕೊಂಡು ಮೂತಿ ಅದ್ದಿ ಕುಡಿಯುತ್ತಿದ್ದವು.

"ಆ ವರ್ಷ ಬಿಸ್ಲು ಬಾಳ ಇತ್ತು ಕಣ್ಲಾ," ಎಂದ ಮಂಚಯ್ಯ. "ಮರಿ ಸಾಯ್ತಿದ್ವು. ಕಕ್ಕಸ್ ಯಾರ್ ಹೋಗ್ತಾರೆ ಬುಡು ಅಂದ್ಕಂಡೆ."

ಸರಸಮ್ಮ ಬಕೆಟ್ಟು ಎತ್ತಿ ನೆಲಕ್ಕೆ ಕುಕ್ಕಿದಳು. ಒಳಗೆ ಹೋಗಿಬಿಟ್ಟಳು.

ಗುಂಡಿ ತೋಡಲು ಶುರು ಮಾಡಿದರು. ಮೊಳಕಾಲಾಳಕ್ಕೆ ಹೋಗುವಷ್ಟರಲ್ಲಿ ಹಾರೆ ಠಣ್ ಅಂದಿತು. ಹಾಸುಬಂಡೆ. ಜಾಗ ಬದಲಿಸಿ ತೋಡಿದರೂ ಅದೇ ಬಂಡೆ. ಬಂಡೆ ಒಡೆಯುವವನು ಬೇರೆ ಊರಿನ ಕೆಲಸದಲ್ಲಿದ್ದ, ಆಗ ಬರುತ್ತೇನೆ ಈಗ ಬರುತ್ತೇನೆ ಅನ್ನುತ್ತಿದ್ದ. ಕುಮಾರನಿಗೆ ಗೂಡಿನ ಸೀಜನ್ನು, ಬಾಡಿಗೆ ಬಿಡುವ ಹಾಗಿಲ್ಲ. ಅವನು ಇಲ್ಲದಾಗ ಮಂಚಯ್ಯನೇ ಗುಂಡಿಗಿಳಿದು ಉಳಿ ಸುತ್ತಿಗೆ ಹಿಡಿದು ಬಡಿಯುತ್ತಿದ್ದ. ಯಾರೂ ಅವನಿಗೆ ಮಾಡು ಎಂದಿರಲಿಲ್ಲ. ಅಂಗೈಯಷ್ಟು ಚಕ್ಕೆ ಎದ್ದರೆ ಅದನ್ನು ಎತ್ತಿ ಅಂಚಿನ ಮೇಲಿಟ್ಟು, ಕೆಮ್ಮಿ, ಮತ್ತೆ ಬಡಿಯುತ್ತಿದ್ದ.

ಸಂಜೆ ಬಂದ ವರಲಕ್ಷ್ಮಿ ಗುಂಡಿಯ ಹತ್ತಿರ ನಿಂತು, "ಬ್ಯಾಡಿ ಮಾವ, ಮೇಲಕ್ ಬನ್ನಿ. ನಾನ್ ಹೆಂಗೋ ಮಾಡ್ಕತೀನಿ," ಅನ್ನುತ್ತಿದ್ದಳು.

"ಇರವ್ವ, ಇನ್ನೊಂದ್ ಚೂರು," ಅನ್ನುತ್ತಿದ್ದ ಮಂಚಯ್ಯ, ತಲೆ ಎತ್ತದೆ.

ಈ ಮಧ್ಯೆ ಮಾತ್ರೆ ಮುಗಿದು, ಉರಿ ಹೋಗಿ, ವರಲಕ್ಷ್ಮಿ ಚೆನ್ನಾಗೇ ಇದ್ದಳು. ಚೆನ್ನಾಗಿದ್ದಾಳೆ ಎಂದು ಮನೆಯವರೂ ಸ್ವಲ್ಪ ಸಡಿಲವಾದರು. ಬಾರ್ಲಿ ಡಬ್ಬಿಯ ಮುಚ್ಚಳ ತೆಗೆಯುವುದು ಕಡಿಮೆಯಾಯಿತು. ಎಕ್ಸ್‌ಪೋರ್ಟಿನ ಆರ್ಡರ್ ಬಂತೆಂದು ಕಂಪನಿಯಲ್ಲಿ ಓಟಿ ಶುರುವಾಯಿತು. ಬಸ್ಸು ತಡವಾಗಿ ಬರುತ್ತಿತ್ತು. ಅವಳು ಉಂಡ ತಟ್ಟೆಯಲ್ಲೇ ಕೈ ತೊಳೆದು ಮಲಗುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಸರಸಮ್ಮ ರಾಗಿ ಕೇರುತ್ತಿದ್ದಾಗ ಫೋನು ಬಂತು. ರಹೀಮಾ.

"ಅಜ್ಜಿ, ವರಕ್ಕನಿಗೆ ಚಳಿ ಜ್ವರ. ಮೆಷಿನ್ ಮೇಲೇ ಬಿದ್ಬುಟ್ಲು. ಕಂಪ್ನಿ ಜೀಪಲ್ಲಿ ಕನಕಪುರಕ್ಕೆ ಕರ್ಕಂಡ್ ಬತ್ತಾ ಇದೀವಿ. ಬೇಗ ಬನ್ನಿ."

ಕುಮಾರ ಗೂಡು ತುಂಬಿಕೊಂಡು ರಾಮನಗರದ ದಾರಿಯಲ್ಲಿದ್ದ. ಬಿಸಿಲಿಗೆ ಗೂಡು ನಿಲ್ಲಿಸುವ ಹಾಗಿಲ್ಲ, ಬೇರೆಯವರ ಮಾಲು. "ಇಳ್ಸಿ ಬತ್ತೀನವ್ವ, ಇಳ್ಸಿದ ತಕ್ಷಣ ಬತ್ತೀನಿ," ಎಂದು ಫೋನಿನಲ್ಲಿ ಅತ್ತ. ಸರಸಮ್ಮ, ಮಂಚಯ್ಯ ಬಸ್ಸಿಗಾಗಿ ಗೇಟಿನಲ್ಲಿ ನಿಂತರು. ಮಂಚಯ್ಯನ ಮೈಮೇಲೆ ಬಂಡೆಯ ಪುಡಿ ಹಾಗೇ ಇತ್ತು. ಬಸ್ಸು ಬರಲಿಲ್ಲ. ರಸ್ತೆಯಲ್ಲಿ ಹೋಗುವ ಪ್ರತಿ ಗಾಡಿಗೂ ಮಂಚಯ್ಯ ಕೈ ಅಡ್ಡ ಹಾಕುತ್ತಿದ್ದ.

ಇವರು ಕ್ಲಿನಿಕ್ಕು ಮುಟ್ಟುವ ಹೊತ್ತಿಗೆ ವರಲಕ್ಷ್ಮಿಯನ್ನು ಮಂಚದ ಮೇಲೆ ಮಲಗಿಸಿ ಡ್ರಿಪ್ ಹಾಕಿದ್ದರು. ಹಲ್ಲು ಕಟಕಟ ಅನ್ನುತ್ತಿತ್ತು. ರಹೀಮಾ ಅವಳ ಕಾಲು ಉಜ್ಜುತ್ತಾ ಕೂತಿದ್ದಳು.

"ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ ತಾತ," ಎಂದರು ಡಾಕ್ಟರ್ ಸುಹಾನಾ. "ಆಂಬುಲೆನ್ಸ್ ಕರೆದಿದೀನಿ. ಬೆಂಗಳೂರಿಗೆ, ಇಎಸ್‌ಐ ಆಸ್ಪತ್ರೆಗೆ."

ಅಲ್ಲಿ ಅವಳು ಜ್ವರ ಇಳಿಯುವ ತನಕ ಇದ್ದಳು. ಕುಮಾರ ವಾರ್ಡಿನ ಹೊರಗೆ ಟವಲು ಹಾಸಿ ಮಲಗಿದ. ಮನೆಯಲ್ಲಿ ಮಾನ್ಯ ಸ್ಕೂಲು ಬಿಟ್ಟು ಅಡುಗೆ ಮಾಡಿದಳು. ಮುದ್ದೆ ಗಂಟಾದರೂ ಮಂಚಯ್ಯ ಮಾತಾಡದೆ ಉಂಡ.

ಮನೆಗೆ ಬಂದ ಮೇಲೆ ಸ್ಕ್ಯಾನಿಂಗ್ ಕಾಗದ ಹಿಡಿದು ಮತ್ತೆ ಎಲ್ಲರೂ ಕನಕಪುರಕ್ಕೆ ಹೋದರು. ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲ. ಅರ್ಥವಾಗಿದ್ದರೂ ಸುಹಾನಾ ಡಾಕ್ಟರ ಬಾಯಿಂದ ಬೇರೆ ಮಾತು ಬಂದೀತು ಎಂಬ ಆಸೆಯಿತ್ತು.

"ಎಡಗಡೆ ಕಿಡ್ನಿ ಕುಗ್ಗಿದೆ," ಎಂದರು ಡಾಕ್ಟರು. "ಇದು ಒಂದು ಸಲಕ್ಕೆ ಆಗಿದ್ದಲ್ಲ. ಒಳಗೊಳಗೇ ಬಹಳ ದಿನದಿಂದ ಆಗಿರೋದು."

"ಮೊದಲಿನಂಗೆ ಆಯ್ತದಾ?" ಕುಮಾರ ಕೇಳಿದ.

"ಇಲ್ಲ. ಇನ್ನೊಂದು ಚೆನ್ನಾಗಿದೆ. ಅದನ್ನ ಉಳಿಸ್ಕೋಬೇಕು."

"ಉಳ್ಸಕ್ಕೆ ಏನ್ ಮಾಡ್ಬೇಕು?"

ಡಾಕ್ಟರು ಸ್ಕ್ಯಾನಿಂಗ್ ಕಾಗದ ಮಡಚಿಟ್ಟರು. ಹೇಳುವಾಗ ವರಲಕ್ಷ್ಮಿಯ ಮುಖ ನೋಡಲಿಲ್ಲ. "ನೀರು ಕುಡೀಬೇಕು. ತಡೀಬಾರದು."

ಸರಸಮ್ಮನಿಗೆ ಸಿಟ್ಟು ಬಂತು. "ಅದ್ನೇ ಹೇಳ್ತೀರಲ್ಲವ್ವ! ಅದ್ ಬುಟ್ಟು ಬ್ಯಾರೆ ಏನೂ ಇಲ್ವಾ? ಇಂಜೆಕ್ಸನ್ ಕೊಡಿ, ಮಾತ್ರೆ ಕೊಡಿ, ಎಷ್ಟ್ ದೊಡ್ಡದಾದ್ರೂ ಸರಿ. ಹಂಗಿಲ್ಲ ಅಂದ್ರೆ ಕಂಪ್ನಿಯೋರಿಗೆ ಒಂದ್ ಕಾಗ್ದ ಬರ್ಕೊಡಿ, ಇವ್ಳನ್ನ ತಡೀಬ್ಯಾಡಿ ಅಂತ."

"ಬರ್ಕೊಡ್ತೀನಮ್ಮ. ಆ ಕಡೆ ಕೆಲಸಕ್ಕೆ ಹೋಗೋ ಎಷ್ಟೋ ಹೆಣ್ಣುಮಕ್ಕಳಿಗೆ ಬರ್ಕೊಟ್ಟಿದೀನಿ," ಎಂದರು ಡಾಕ್ಟರು, ಮೆಲ್ಲಗೆ. ಆಮೇಲೆ ಬರೆಯತೊಡಗಿದರು.

ಕೆಲಸ ಬಿಡುವ ಮಾತು ಅವತ್ತು ರಾತ್ರಿ ಊಟದಲ್ಲಿ ಬಂತು.

"ಬುಟ್ಬುಡು ಕಣಮ್ಮಿ," ಎಂದಳು ಸರಸಮ್ಮ. "ಒಂದ್ ಹೊತ್ತು ಉಣ್ಣಣ. ಕುರಿ ನೋಡ್ಕಂಡು ಮನೇಲಿರು."

ಕುಮಾರ ಅನ್ನ ಕಲೆಸುತ್ತಾ ಕೂತಿದ್ದ. "ಬುಟ್ರೆ ಇಎಸ್‌ಐ ಕಾರ್ಡೂ ಬಾಳ ದಿನ ನಡಿಯಕ್ಕಿಲ್ಲ ಅವ್ವ. ಸ್ಕ್ಯಾನಿಂಗು, ಮಾತ್ರೆ ಎಲ್ಲಾ ಅದ್ರಲ್ಲೇ ಆಗಿರೋದು. ಇನ್ಮೇಲೆ ತಿಂಗ್ಳು ತಿಂಗ್ಳು ತೋರಿಸ್ಬೇಕಂತೆ."

"ಆ ಕೆಲ್ಸದಿಂದ ಬಂದ ಕಾಯ್ಲೆಗೆ ಆ ಕೆಲ್ಸದ್ ಕಾರ್ಡೇ ಬೇಕಾ?"

"ಬೇಕು."

"ಇದೇನ್ಲಾ ನ್ಯಾಯ?"

"ನನ್ನ ಕೇಳುದ್ರೆ?" ಕುಮಾರ ತಟ್ಟೆ ದೂಡಿದ. "ನಾನೇನ್ ಮಾಡ್ಲಿ ಹೇಳು. ಹೇಳವ್ವ, ಅದ್ನೇ ಮಾಡ್ತೀನಿ."

ಸರಸಮ್ಮ ಆ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. ಮಂಚಯ್ಯ ಉಂಡ ಕೈಯನ್ನೇ ನೋಡಿಕೊಳ್ಳುತ್ತಿದ್ದ.

"ಯಾಕೆ ಜಗ್ಳ ಆಡ್ತೀರಾ," ಎಂದಳು ವರಲಕ್ಷ್ಮಿ. "ಹೋಗ್ತೀನಿ ಬುಡಿ. ಕಾಗ್ದ ಕೊಟ್ಟವ್ರಲ್ಲ."

ಕಾಗದ ಕೆಲಸ ಮಾಡಿತು. ಕಂಪನಿಯವರು ಅದನ್ನು ಓದಿ, ಬೇಕಾದಾಗ ಎದ್ದು ಹೋಗಬಹುದು ಎಂದರು. ಭಾನುಪ್ರಿಯ ಬ್ಯಾಚಿನ ಮುಂದೆಯೇ, "ವರಕ್ಕ ಎದ್ರೆ ಯಾರೂ ಮಾತಾಡ್ಬಾರ್ದು," ಎಂದಳು. ಆದರೆ ಟಾರ್ಗೆಟ್ ಇಳಿಸಲಿಲ್ಲ. ವರಲಕ್ಷ್ಮಿ ಎದ್ದು ಹೋದಾಗಲೆಲ್ಲ ರಹೀಮಾ ತನ್ನ ಮೆಷಿನ್ನು ಬಿಟ್ಟು ಮುಂದಕ್ಕೆ ಬಂದು ಒಂದೆರಡು ಕಾಲರ್ ಹಾಕಿ, ಓಡಿಹೋಗಿ ತನ್ನದನ್ನು ಹೊಲಿಯುತ್ತಿದ್ದಳು.

"ಹೋಗ್ ಬಾ ಅಕ್ಕ, ನಾನ್ ನೋಡ್ಕತೀನಿ," ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಊಟಕ್ಕೆ ಬಿಟ್ಟಾಗಲೂ ರಹೀಮಾ ಎದ್ದಿರಲಿಲ್ಲ. ಬಾಕಿ ಪೀಸು ಮುಗಿಸುತ್ತಿದ್ದಳು. ಒಂದು ಕಾಲನ್ನು ಇನ್ನೊಂದರ ಮೇಲೆ ಬಿಗಿಯಾಗಿ ಒತ್ತಿ ಕೂತಿದ್ದಳು. ಆ ಕೂರುವಿಕೆ ವರಲಕ್ಷ್ಮಿಗೆ ಚೆನ್ನಾಗಿ ಗೊತ್ತು.

"ನೀನು ಹೋಗಿದ್ಯಾ?" ಎಂದು ಕೇಳಿದಳು.

"ನಂದೇನ್ ಬುಡಕ್ಕ, ನಂಗೇನಾಗಿದೆ," ಎಂದು ರಹೀಮಾ ನಕ್ಕಳು.

ಮಾರನೆಯ ದಿನದಿಂದ ವರಲಕ್ಷ್ಮಿ ಏಳುವುದನ್ನು ಕಡಿಮೆ ಮಾಡಿದಳು. ಆಮೇಲೆ ನೀರು ಕುಡಿಯುವುದನ್ನೂ. ಮನೆಯಲ್ಲಿ ಸರಸಮ್ಮ ಪ್ರತಿ ಸಂಜೆ, "ಕುಡುದ್ಯಾ? ಹೋಗಿದ್ಯಾ?" ಎಂದು ಕೇಳುತ್ತಿದ್ದಳು. "ಹೂಂ ಅತ್ತೆ" ಎಂದು ವರಲಕ್ಷ್ಮಿ ಹೇಳುತ್ತಿದ್ದಳು. ಒಡೆದ ತುಟಿ, ಬಂದ ಕೂಡಲೇ ಹಿತ್ತಿಲಿಗೆ ಓಡುವ ಕಾಲು ಸರಸಮ್ಮನಿಗೆ ಕಾಣುತ್ತಿತ್ತು. ಅವಳು ಮತ್ತೆ ಕೇಳುತ್ತಿರಲಿಲ್ಲ.

ಬಂಡೆ ಒಡೆಯುವವನು ಕೊನೆಗೂ ಬಂದ. ಹೊಸ ರಿಂಗು ಇಳಿಸಿದರು. ಪೈಪು ಕೂಡಿಸಿದರು. ಸುರಿದ ನೀರು ಗುಳುಗುಳು ಎಂದು ಒಳಗೆ ಹೋಯಿತು. ಮಂಚಯ್ಯ ದೇವರ ಗೂಡನ್ನು ತಾನೇ ಕಿತ್ತು, ಎದುರಿನ ಗೋಡೆಗೆ ಮೊಳೆ ಹೊಡೆದು ಕೂರಿಸಿದ.

ಆ ಭಾನುವಾರ ವರಲಕ್ಷ್ಮಿಗೆ ರಜೆ. ಅವಳು ಏಳುವ ಮುಂಚೆಯೇ ಸರಸಮ್ಮ ಜೀರಿಗೆ ನೀರು ಕಾಯಿಸಿಟ್ಟಿದ್ದಳು. ಎದ್ದ ಕೂಡಲೇ ಅದು. ಆಮೇಲೆ ಮಜ್ಜಿಗೆ. ಬಿಸಿಲೇರುವ ಹೊತ್ತಿಗೆ ಕುಮಾರ ಎಳನೀರು ಗೊನೆಯನ್ನೇ ತಂದು ಕೆತ್ತತೊಡಗಿದ. ಮಾನ್ಯ ಬೂದುಗುಂಬಳ ರಸ ಹಿಂಡಿ ತಂದಳು. ವರಲಕ್ಷ್ಮಿ ಕುಡಿದಳು, ಹಿತ್ತಿಲಿಗೆ ಹೋದಳು, ಬಂದು ಮತ್ತೆ ಕುಡಿದಳು. ಅವಳು ಹಿತ್ತಿಲ ಬಾಗಿಲಿಗೆ ಹೋದಾಗಲೆಲ್ಲ ಕೊಟ್ಟಿಗೆಯ ಹತ್ತಿರ ಕೂತಿದ್ದ ಮಂಚಯ್ಯ ಏನೋ ನೆನಪಾದವನಂತೆ ಎದ್ದು, ಬೀದಿಯ ಕಡೆಗೆ ನಡೆದು, ಅವಳು ಒಳಗೆ ಬಂದ ಮೇಲೆ ವಾಪಸಾಗುತ್ತಿದ್ದ. ಅವಳಿಗೆ ನಾಚಿಕೆಯಾಗಬಾರದು ಎಂದು. ದಿನವೆಲ್ಲ ಹಾಗೇ ಮಾಡಿದ.

ಸಂಜೆ ಎಲ್ಲರೂ ಜಗಲಿಯಲ್ಲಿ ಕೂತಿದ್ದರು. ಸರಸಮ್ಮ ಇನ್ನೊಂದು ಲೋಟ ತುಂಬಿಸಿ ತಂದಳು.

"ಸಾಕು ಅತ್ತೆ. ಹೊಟ್ಟೆ ಉಬ್ಬರಿಸ್ಬುಟ್ಟೈತೆ."

"ಇದೊಂದು."

"ಡಾಕ್ಟ್ರು ಹೇಳಿಲ್ವಾ ಅಜ್ಜಿ, ಒಂದೇ ದಿನ ಕುಡುದ್ರೆ ಮೈಯಲ್ಲಿ ನಿಲ್ಲಲ್ಲ ಅಂತ," ಎಂದಳು ಮಾನ್ಯ.

"ಗೊತ್ತು ಕಣೆ," ಎಂದಳು ಸರಸಮ್ಮ. ಲೋಟವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಾಳೆ ಬೆಳಿಗ್ಗೆ ಬಸ್ಸೈತೆ ಅತ್ತೆ. ಈಗ್ಲಿಂದ ಕಮ್ಮಿ ಮಾಡ್ಬೇಕು."

"ನಾಳೆಗೆ ಇನ್ನೂ ಹೊತ್ತೈತೆ. ಕುಡಿ."

ವರಲಕ್ಷ್ಮಿ ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡಳು. ಮಂಚಯ್ಯ ಮೆಲ್ಲಗೆ ಎದ್ದು, ಟವಲು ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದ.